ದಡಿ ‘ಡ್ಯಾಡಿ’ ಆದ ಕಥೆ

ತಿಲಕ್ ನಗರದಲ್ಲಿ ನನ್ನದೊಂದು ಪುಟ್ಟ ಪ್ರೆಸ್ಸು. ಮದುವೆ ಕಾರ್ಡು, ಬಿಲ್ ಬುಕ್ಕು, ಗಣೇಶನ ಹಬ್ಬದ ರಸೀದಿ ಪುಸ್ತಕ ಇವೇ ನಮ್ಮ ಅನ್ನ. ಕಾಲೇಜುಗಳ ಗಡುವು ಹತ್ತಿರ ಬಂದಾಗ ಇನ್ನೊಂದು ಕೆಲಸ ಬರುತ್ತದೆ: ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಕ್ಕೆ ಪ್ರಿಂಟು, ರೆಕ್ಸಿನ್ ಬೈಂಡಿಂಗ್, ಮೇಲೆ ಚಿನ್ನದ ಬಣ್ಣದ ಅಕ್ಷರ. ನಾನು ಓದಿದ್ದು ಪಿಯುಸಿ. ಆದರೆ ಎಂ.ಎಸ್ಸಿ. ಮಾಡಿದವರಿಗಿಂತ ಹೆಚ್ಚು ಎಂ.ಎಸ್ಸಿ. ಪ್ರಬಂಧಗಳ ಪುಟ ತಿರುವಿದ್ದೇನೆ! ಪುಟ ಸರಿಯಾಗಿ ಕೂತಿದೆಯೇ ಎಂದು ನೋಡುವಾಗ ಕಣ್ಣು ಸುಮ್ಮನಿರುತ್ತದೆಯೇ?

ಕಳೆದ ವರ್ಷ ಒಬ್ಬ ಹುಡುಗಿ ಬಂದಳು. ಇಳಕಲ್ ಕಡೆಯ ನೇಕಾರರ ಮನೆಯ ಮಗಳು. ಇಲ್ಲೇ ಒಂದು ಕಾಲೇಜಿನಲ್ಲಿ ಜವಳಿ ವಿಷಯದಲ್ಲಿ ಎಂ.ಎಸ್ಸಿ. ಪ್ರಬಂಧವೂ ಇಳಕಲ್ ಸೀರೆಯ ಮೇಲೆಯೇ. ನಾಲ್ಕು ಪ್ರತಿ ಕಾಲೇಜಿಗೆ ಬೇಕಿತ್ತು. ದುಡ್ಡು ಎಣಿಸಿ ಕೊಟ್ಟವಳು ಬಾಗಿಲ ತನಕ ಹೋಗಿ ತಿರುಗಿ ಬಂದಳು.

“ಅಣ್ಣಾರ, ಇನ್ನೊಂದು ಕಾಪಿ ಮಾಡಿಕೊಡ್ರಿ. ಬೈಂಡಿಂಗ್ ಸಾದಾ ಇದ್ರೂ ನಡಿತೈತಿ. ನಮ್ಮಪ್ಪಗ.”

“ನಿಮ್ಮ ತಂದೆ ಇಂಗ್ಲಿಷ್ ಓದ್ತಾರೇನಮ್ಮ?”

“ಇಲ್ರಿ, ಕನ್ನಡ ಓದ್ತಾನ. ಅಂವನ ಮಗ್ಗದ ಫೋಟೋ ಐತಲ್ರಿ ಅದರಾಗ. ನೋಡ್ಲಿ ಅಂತ.”

ಆ ಮಾತು ಕೇಳಿ ನನಗೆ ಕೈ ಓಡಲಿಲ್ಲ. ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಮನುಷ್ಯ. ಪ್ರಬಂಧದಲ್ಲಿ ಇರುವುದೆಲ್ಲ ಅವನ ವಿದ್ಯೆ. ಅವನ ಪಾಲಿಗೆ ಬಂದದ್ದು ಮಾತ್ರ ಫೋಟೋ!

ಅವತ್ತು ರಾತ್ರಿ ಫೈಲ್ ತೆರೆದು ಕೂತೆ. ಒಂದು ಕಡೆ ಸೀರೆಯ ‘ಡ್ಯಾಡಿ’ ನಾಲ್ಕು ಇಂಚು ಅಗಲ ಇರುತ್ತದೆ ಎಂದಿತ್ತು. ಡ್ಯಾಡಿ? ಸೀರೆಗೆ ಅಪ್ಪ ಎಲ್ಲಿಂದ ಬಂದ? ಆಮೇಲೆ ಹೊಳೆಯಿತು. ಅದು ದಡಿ ಸ್ವಾಮಿ, ದಡಿ! ಅಂಚು! ಹುಡುಗಿ ಇಂಗ್ಲಿಷ್ ಅಕ್ಷರದಲ್ಲಿ ದಡಿ ಎಂದು ಹೊಡೆದಿದ್ದಾಳೆ, ಕಂಪ್ಯೂಟರ್ ಮಹಾಶಯ ಅದನ್ನು ತಾನೇ ತಿದ್ದಿ ಡ್ಯಾಡಿ ಮಾಡಿದ್ದಾನೆ. ನಕ್ಕೆ. ನಗು ಬಹಳ ಹೊತ್ತು ನಿಲ್ಲಲಿಲ್ಲ.

ಈ ಪದಗಳು ಬರೀ ಹೆಸರಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಜೋಡಿಸಬೇಕು. ಹಾಗೆ ಜೋಡಿಸಿ ನೇಯ್ದ ಸೆರಗು ತೋಪ ತೆನಿ, ಕೆಂಪು ಬಿಳಿಯ ಪಟ್ಟೆ. ಮೂರು ಲಾಳಿ ಓಡಿಸಿ ನೇಯುವುದು ಕೊಂಡಿ. ದಡಿಯಲ್ಲೇ ಚಿಕ್ಕಿ, ಗೋಮಿ, ಗಾಡಿ ಎಂದು ಬಗೆಗಳು. ಒಂದೊಂದು ಪದದಲ್ಲೂ ಒಂದೊಂದು ಕೈಚಳಕ ಕೂತಿದೆ. ನೇಕಾರ ದೇವರ ದಾಸಿಮಯ್ಯ ವಚನ ಹೇಳಿದ ಭಾಷೆ ಇದು. ಇವತ್ತಿಗೂ ನಾವು ‘ಹಾಸುಹೊಕ್ಕು’ ಎನ್ನದೆ ಒಂದು ಭಾಷಣ ಮುಗಿಸುವುದಿಲ್ಲ. ಅಂಥ ಭಾಷೆಯಲ್ಲಿ ಮಗ್ಗದ ಬಗ್ಗೆ ಪ್ರಬಂಧ ಬರೆಯಲು ಬರುವುದಿಲ್ಲವೇ?

ಇದು ಒಬ್ಬ ಹುಡುಗಿಯ ಕಥೆಯಲ್ಲ. 1986ರಲ್ಲಿ ಶುರುವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜವಳಿ ಮತ್ತು ಉಡುಪಿನ ವಿಭಾಗವಿದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿ ಎಲ್ಲದರ ಮೇಲೂ ಅಲ್ಲಿ ಸಂಶೋಧನೆ ನಡೆದಿದೆ. ಮಾಡಿದವರಿಗೆ ಕೈಮುಗಿಯುತ್ತೇನೆ. ಆದರೆ ಭಾಷೆ ಇಂಗ್ಲಿಷ್. ನನ್ನ ಪ್ರೆಸ್ಸಿಗೆ ಬರುವ ಪ್ರಬಂಧಗಳೂ ಹಾಗೆಯೇ. ಕೆಲವಕ್ಕೆ ಕೊನೆಯಲ್ಲಿ ಒಂದು ಪುಟ ಕನ್ನಡ ಸಾರಾಂಶ ಇರುತ್ತದೆ, ಊಟದ ಕೊನೆಗೆ ಬಾಳೆಹಣ್ಣು ಇಟ್ಟ ಹಾಗೆ.

ನಮ್ಮ ದಕ್ಷಿಣ ಬೆಂಗಳೂರನ್ನೇ ನೋಡಿ. ಸಿಲ್ಕ್ ಬೋರ್ಡ್ ಎಂದರೆ ನಮಗೆ ಟ್ರಾಫಿಕ್ ಜಾಮ್! ಅಲ್ಲಿರುವುದು 1948ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿ. ರೇಷ್ಮೆ ತಂತ್ರಜ್ಞಾನದ ಸಂಶೋಧನಾ ಸಂಸ್ಥೆಯೂ ಅಲ್ಲೇ ಬಿಟಿಎಂ ಬಡಾವಣೆಯಲ್ಲಿದೆ. ಎಚ್‌ಎಸ್‌ಆರ್ ಬಡಾವಣೆಯಲ್ಲಿ ನಿಫ್ಟ್ ಇದೆ. ಜವಳಿ ಓದುವವರಿಗೆ ಊಟದ ಎಲೆ ಹಾಸಿಟ್ಟ ಹಾಗಿದೆ. ಆ ಎಲೆಯ ಮುಂದೆ ಎಷ್ಟು ಕನ್ನಡದ ಮಕ್ಕಳು ಕೂತಿದ್ದೀರಿ?

ಭಾಷೆಯ ಅಭಿಮಾನ ಒಂದು ಕಡೆ ಇರಲಿ, ಹೊಟ್ಟೆಯ ಲೆಕ್ಕ ಹೇಳುತ್ತೇನೆ. ಆ ಹುಡುಗಿ ಪ್ರಯೋಗಾಲಯದಲ್ಲಿ ನೂಲಿನ ಬಣ್ಣ ಪರೀಕ್ಷೆ ಮಾಡಿಸಿದ್ದಳು. ಒಗೆದಾಗ ಬಣ್ಣ ಎಷ್ಟು ನಿಲ್ಲುತ್ತದೆ ಎಂದು 1ರಿಂದ 5ರವರೆಗೆ ಅಂಕ. 5 ಬಂದರೆ ಬಣ್ಣ ಗಟ್ಟಿ, 1 ಬಂದರೆ ಬಕೆಟ್ಟೆಲ್ಲ ಕೆಂಪು. ಅವಳ ಅಪ್ಪ ಸಾಲಕ್ಕೆ ತರುವ ಒಂದು ಕೆಂಪು ನೂಲಿಗೆ ಬಂದದ್ದು 2! ಈ ವಿಷಯ ಯಾರಿಗೆ ಬೇಕು? ಕಾಲೇಜಿನ ಬೀರುವಿಗೋ, ಬಣ್ಣ ಹೋಯಿತೆಂದು ಗಿರಾಕಿಯಿಂದ ಬೈಸಿಕೊಳ್ಳುವ ನೇಕಾರನಿಗೋ? ಪವರ್‌ಲೂಮ್ ನಕಲನ್ನು ಪತ್ತೆ ಹಚ್ಚುವುದು ಹೇಗೆಂದೂ ಅದರಲ್ಲಿತ್ತು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಬಗ್ಗೆ ಎರಡು ಪುಟವಿತ್ತು. ನಕಲಿನಿಂದ ಹೊಟ್ಟೆಗೆ ಪೆಟ್ಟು ಬೀಳುವುದು ಯಾರಿಗೋ ಅವರಿಗೇ ಅದು ಓದಲು ಬರುವುದಿಲ್ಲ.

ಕೊನೆಗೆ ಎರಡು ಪುಟ ಕನ್ನಡ ಪದಪಟ್ಟಿಯಾದರೂ ಸೇರಿಸು ಎಂದೆ. ಮಾರ್ಗದರ್ಶಕರನ್ನು ಕೇಳಿ ಬಂದಳು. “ಫಾರ್ಮ್ಯಾಟ್‌ನಾಗ ಇಲ್ಲಂತ್ರಿ.” ನಮ್ಮ ಕಾಲೇಜುಗಳಲ್ಲಿ ದೇವರಿಗಿಂತ ದೊಡ್ಡದು ಫಾರ್ಮ್ಯಾಟ್! ಪಾಠ ಇಂಗ್ಲಿಷಿನಲ್ಲಿದ್ದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು 2023ರ ಏಪ್ರಿಲ್‌ನಲ್ಲಿ ಯುಜಿಸಿಯೇ ವಿಶ್ವವಿದ್ಯಾಲಯಗಳಿಗೆ ಹೇಳಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ಇದೆ, ಅಲ್ಲಿ ಕನ್ನಡದಲ್ಲೇ ಪಿಎಚ್.ಡಿ. ಮಾಡುತ್ತಾರೆ. ಆಕಾಶವೇನೂ ಕಳಚಿ ಬಿದ್ದಿಲ್ಲ. ಕಂಪ್ಯೂಟರಿನ ನೆಪವೂ ಬೇಡ. ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ಬರೀ ಚೌಕವಾಗಿ ಕಾಣುತ್ತಿದ್ದ ಕಾಲದಲ್ಲಿ ರಾತ್ರಿಯಿಡೀ ಒದ್ದಾಡಿದವನು ನಾನು. ಈಗ ಯೂನಿಕೋಡ್ ಇದೆ, ನಿಮ್ಮ ಮೊಬೈಲಿನಲ್ಲೇ ಇದೆ.

ಜವಳಿ ಓದುವ ಗೆಳೆಯರೇ, ಡಿಗ್ರಿಗೆ ಇಂಗ್ಲಿಷ್ ಬೇಕೆಂದರೆ ಬರೆಯಿರಿ, ಬೇಡ ಎನ್ನಲು ನಾನು ಯಾರು? ಆದರೆ ಮಗ್ಗದ ಮುಂದೆ ಪ್ರಶ್ನಾವಳಿ ಹಿಡಿದು ಕೂತಾಗ ನೇಕಾರ ಹೇಳಿದ್ದನ್ನು ಹೇಳಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ ಅವನ ಕೈಗೆ ಕೊಡಿ. ಚಹಾ ಕೊಟ್ಟು, ಅರ್ಧ ದಿನದ ಕೂಲಿ ಬಿಟ್ಟು ನಿಮ್ಮ ಜೊತೆ ಮಾತಾಡಿದವನಿಗೆ ಅಷ್ಟೂ ಮಾಡದಿದ್ದರೆ ಹೇಗೆ?

ಆ ಹುಡುಗಿ ಒಂದು ವಾರ ರಜೆಯಲ್ಲಿ ಕೂತು ಪ್ರಬಂಧದ ತಿರುಳನ್ನು ಕನ್ನಡದಲ್ಲಿ ಬರೆದಳು. ಒಂದು ಫಾರಂ, ಹದಿನಾರು ಪುಟ. ಕಾಗದದ ದುಡ್ಡು ಮಾತ್ರ ತೆಗೆದುಕೊಂಡು ನೂರು ಪ್ರತಿ ಹಾಕಿಕೊಟ್ಟೆ. ಹದಿನೈದು ದಿನ ಕಳೆದ ಮೇಲೆ ಅವಳ ತಂದೆಯೇ ಫೋನ್ ಮಾಡಿದರು. ಸಂತೋಷ ಹೇಳಲು ಇರಬೇಕು ಎಂದುಕೊಂಡೆ. ಅವರು ಮೂರು ತಪ್ಪು ಹಿಡಿದಿದ್ದರು. “ಏಳನೇ ಪುಟದಾಗ ಗೋಮಿ ದಡಿ ಚಿತ್ರದ ಕೆಳಗ ಗಾಡಿ ಅಂತ ಹಾಕೀರಲ್ರಿ!”

ಪ್ರೆಸ್ಸಿನ ತಪ್ಪೇ ಎಂದು ಗಾಬರಿಯಿಂದ ಮೂಲ ತೆಗೆದು ನೋಡಿದೆ. ಇಂಗ್ಲಿಷ್ ಪ್ರಬಂಧದಲ್ಲೂ ಹಾಗೆಯೇ ಇತ್ತು. ಪರೀಕ್ಷಕರು ನೋಡಿ, ಸಹಿ ಹಾಕಿ, ಫಸ್ಟ್ ಕ್ಲಾಸ್ ಕೊಟ್ಟಿದ್ದರು. ತಿದ್ದಿದ ಏಳನೇ ಪುಟ ಈಗ ನನ್ನ ಮೇಜಿನ ಮೇಲಿದೆ. ಮತ್ತೆ ಇನ್ನೂರು ಪ್ರತಿ ಬೇಕಂತೆ.