ಖಾಲಿ ಕೊಡ ತೇಲುತ್ತದೆ

ನೀರು ಸ್ವಲ್ಪ ಹಸಿರಾಯಿತೆಂದರೆ ಸಾಕು, "ಪೂರಾ ಖಾಲಿ ಮಾಡಿಸಿ ತಿಕ್ಕಿಸಿಬಿಡಿ" ಎನ್ನುವವರು ನಮ್ಮಲ್ಲಿ ಬಹಳ. ಮನೆಯ ಸಂಪಿಗೂ ಇದೇ ಮಾತು, ಈಚೆಗೆ ಅಡಿಕೆ ತೋಟಗಳ ನಡುವೆ ಏಳುತ್ತಿರುವ ಈಜುಕೊಳಗಳಿಗೂ ಇದೇ ಮಾತು. ಗೌರಿ ಹಬ್ಬ ಬಂತು, ನೆಂಟರು ಬರುತ್ತಾರೆ, ಕೊಳ ಫಳಫಳ ಎನ್ನಬೇಕು. ಪಂಪು ಹಚ್ಚಿದರೆ ಮುಗಿಯಿತು! ಇದು ಶುಚಿಯಲ್ಲ, ಹಟ.

ಹೊಳೆಯಲ್ಲಿ ಕೊಡ ತೊಳೆದವರಿಗೆ ನಾನು ಪಾಠ ಹೇಳಬೇಕಾಗಿಲ್ಲ. ತುಂಬಿದ ಕೊಡ ತಳ ಸೇರುತ್ತದೆ, ಖಾಲಿ ಕೊಡ ತೇಲುತ್ತದೆ. ನೆಲದೊಳಗಿನ ಕೊಳವೂ ಅಂಥದೇ ಒಂದು ಕೊಡ. 40 ಅಡಿ ಉದ್ದ, 20 ಅಡಿ ಅಗಲ, 5 ಅಡಿ ಆಳದ ಕೊಳದಲ್ಲಿ ಸುಮಾರು 1,13,000 ಲೀಟರು ನೀರು, ಎಂದರೆ 113 ಟನ್ನು ಭಾರ. ತಳವನ್ನು ಅದುಮಿ ಹಿಡಿದಿರುವುದು, ಗೋಡೆಯನ್ನು ಹೊರಗಿನ ಮಣ್ಣಿಗೆದುರಾಗಿ ನಿಲ್ಲಿಸಿರುವುದು ಆ ಭಾರವೇ. ಭಾದ್ರಪದದಲ್ಲಿ ಮಣ್ಣು ನೀರು ಕುಡಿದು ಕೂತಿರುವಾಗ ಒಳಗಿನದನ್ನು ಎಳೆದು ಚೆಲ್ಲಿದರೆ ಅಂತರ್ಜಲ ಕೆಳಗಿನಿಂದ ಎತ್ತುತ್ತದೆ. ತಳ ಬಿರಿಯಬಹುದು, ಗೋಡೆ ಒಳಕ್ಕೆ ಬಾಗಬಹುದು. ಫೈಬರ್ ಕೊಳವಾದರೆ ಇಡಿಯಾಗಿ ಮೇಲೇಳುವುದೂ ಉಂಟು.

ಜಗಳೂರಿನವರು ನಕ್ಕಾರು. ನೂರಾರು ಅಡಿ ಕೊರೆದರೂ ಹನಿ ಕಾಣದವರಿಗೆ ಅಂತರ್ಜಲದ ಭಯವೇ? ಸರಿ, ಆದರೆ ಅಲ್ಲಿ ಅಷ್ಟು ನೀರು ಚೆಲ್ಲುವುದೆಂದರೆ 5,000 ಲೀಟರಿನ 22 ಟ್ಯಾಂಕರುಗಳನ್ನು ಬೀದಿಗೆ ಸುರಿದಂತೆ. ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ, ಭದ್ರಾ ನಾಲೆಯ ನೀರುಣ್ಣುವ ಚನ್ನಗಿರಿಯ ಗದ್ದೆ ಬಯಲಿನಲ್ಲಿ, ಮಳೆ ಹಿಡಿದ ನ್ಯಾಮತಿಯಲ್ಲಿ ಮಾತೇ ಬೇರೆ. ನಾಲೆಗೆ ಬೇಸಿಗೆ ಬೆಳೆಗೂ ನೀರು ಬಿಡುವುದುಂಟು. ಆದ್ದರಿಂದ ಪಂಚಾಂಗ ನೋಡಿ ದಿನ ಇಡಬೇಡಿ, ಪಕ್ಕದ ತೆರೆದ ಬಾವಿಯನ್ನು ಬಗ್ಗಿ ನೋಡಿ. ಅದರ ನೀರು ಕೊಳದ ತಳಕ್ಕಿಂತ ಮೇಲಿದ್ದರೆ ಪಂಪು ಮುಟ್ಟಬೇಡಿ.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಿಣಿ ಇದೆಯಲ್ಲ, ಮಕ್ಕಳನ್ನು ಕರೆದೊಯ್ದಾಗ ನಡುವಿನ ವಸಂತ ಮಂಟಪಕ್ಕಿಂತ ಮೊದಲು ಅದರ ಮೆಟ್ಟಿಲು ತೋರಿಸುತ್ತೇನೆ. ಅದರ ಬದಿ ನೆಟ್ಟಗೆ ನಿಂತಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿದು ಮಣ್ಣಿಗೆ ಬೆನ್ನು ಕೊಟ್ಟಿದೆ. ನಮ್ಮ ತೆಳುಗೋಡೆಯ ಕೊಳಕ್ಕೆ ಆ ಬೆನ್ನು ಎಲ್ಲಿಂದ ಬರಬೇಕು?

"ಮೇಡಂ, ಇದೆಲ್ಲ ನಿಮಗೆ ತಿಳಿಯಲ್ಲ ಬಿಡಿ" ಎಂದು ಮೇಸ್ತ್ರಿ ನಗುತ್ತಾನೆ. ಹೆಂಗಸು ಪ್ರಶ್ನೆ ಕೇಳಿದರೆ ಮೇಸ್ತ್ರಿಗಳಿಗೆ ಅದೇಕೋ ನಗು. ನಗಲಿ, ನೀವು ಕೇಳಿ: "ಏನಪ್ಪಾ, ತಳದಲ್ಲಿ ಒತ್ತಡ ಬಿಡುವ ವಾಲ್ವು ಇಟ್ಟಿದ್ದೀಯಾ?" ಹಸಿರು ನೀರು ಬಹುಪಾಲು ಕ್ಲೋರಿನ್, ಬ್ರಷ್ಷು, ಫಿಲ್ಟರಿನಿಂದಲೇ ತಿಳಿಯಾಗುತ್ತದೆ. ಆದರೆ ಪಂಪಿನ ಬಾಡಿಗೆ, ಕೂಲಿ, ಮತ್ತೆ ತುಂಬಿಸುವ ಖರ್ಚು ಅದರಲ್ಲಿ ಹುಟ್ಟುವುದಿಲ್ಲ ನೋಡಿ.

ಸಂಪಿನದು ಪ್ರಾಣದ ಮಾತು. ಕಿರಿದಾದ ಬಾಯಿಂದ ಒಬ್ಬನನ್ನು ಇಳಿಸುತ್ತಾರೆ, ಒಳಗೆ ಗಾಳಿ ಇದೆಯೇ ಎಂದು ಕೇಳುವವರಿಲ್ಲ. ದೀಪ ಇಳಿಬಿಟ್ಟು ನೋಡಿದೆವು ಎಂದರೆ ಸಾಲದು. ದೀಪ ಉರಿದರೂ ವಿಷಗಾಳಿ ಇರಬಹುದು. ಪೆಟ್ರೋಲ್ ಪಂಪನ್ನು ಒಳಗೇ ಇಟ್ಟರಂತೂ ಅದರ ಹೊಗೆಯೇ ಕೊಲ್ಲುತ್ತದೆ. ಮೊದಲನೆಯವನು ಕುಸಿದರೆ ಎತ್ತಲು ಇಳಿದವನೂ ಕುಸಿಯುತ್ತಾನೆ. ಇಳಿಯುವವನು ಮನೆಯ ಯಜಮಾನನಲ್ಲ, ದಿನಗೂಲಿಯವನು. ಯಜಮಾನರು ಮೇಲೆ ನಿಂತು ಟಾರ್ಚು ಹಿಡಿಯುತ್ತಾರೆ. ಮೇಲಿನಿಂದಲೇ ತೊಳೆಯಲು ಉದ್ದ ಕೋಲಿನ ಬ್ರಷ್ಷು ಪೇಟೆಯಲ್ಲಿ ಸಿಗುತ್ತದೆ. ಹಬ್ಬದ ಸಾಮಾನಿನ ಚೀಟಿಯಲ್ಲಿ ಬಾಗಿನದ ಮೊರದ ಕೆಳಗೆ ಅದನ್ನೂ ಬರೆದುಕೊಳ್ಳಿ.