ಕಂದಾಯದ ಬಾಕಿಯೂ ಬಂಧುವಿನ ಸಾಲವೂ

ಜಯನಗರದ ಗೃಹಸ್ಥರೊಬ್ಬರು ತಮ್ಮ ಅಕ್ಕನ ಮಗನ ಕಂಪೆನಿಯ ಸಾಲಕ್ಕೆ ಜಾಮೀನು ನಿಂತು ಸಂಕಟಕ್ಕೆ ಸಿಲುಕಿರುವರು. ಕಂಪೆನಿಯು ಮುಳುಗಿತು, ಬ್ಯಾಂಕಿನ ನೋಟೀಸು ಮನೆಬಾಗಿಲಿಗೆ ಬಂದಿತು, ಮನೆಕಂದಾಯವೂ ಕೆಲವು ವರ್ಷಗಳಿಂದ ಬಾಕಿ. ಬನಶಂಕರಿಯ ನಿವೇಶನವನ್ನು ಮಾರಿ, ಮೊದಲು ಭಾವಮೈದುನನ ಕೈಗಡವನ್ನು ತೀರಿಸಿ, ಆಮೇಲೆ ದಿವಾಳಿಯ ಅರ್ಜಿ ಹಾಕಬಹುದೇ ಎಂದು ನಮ್ಮನ್ನು ಕೇಳಿರುವರು.

ಕೂಡದೆಂದೇ ನಾವು ಹೇಳುವೆವು. 2016ರ ದಿವಾಳಿ ಸಂಹಿತೆಯು ಇಂತಹ ಜಾಮೀನುದಾರರಿಗೆ 2019ರ ಡಿಸೆಂಬರ್ 1ರಿಂದ ಅನ್ವಯಿಸುತ್ತದೆ. ಅರ್ಜಿಗೆ ಹಿಂದಿನ 2 ವರ್ಷಗಳೊಳಗೆ ಬಂಧುವಿಗೆ, 6 ತಿಂಗಳೊಳಗೆ ಅನ್ಯರಿಗೆ, ಸಾಲ ಕೊಟ್ಟ ಉಳಿದವರನ್ನು ಹಿಂದಿಕ್ಕುವಂತೆ ಪಕ್ಷಪಾತದಿಂದ ಕೊಟ್ಟುದನ್ನು ನ್ಯಾಯಮಂಡಳಿಯು ರದ್ದುಪಡಿಸಬಹುದು. ಹೆಂಡತಿಯ ಕಡೆಯ ಬಂಧುಗಳೂ ಬಂಧುಗಳೇ. ಅವರಿಗೆ ಕೊಟ್ಟಲ್ಲಿ ಪಕ್ಷಪಾತದ ಉದ್ದೇಶವನ್ನು ಕಾನೂನೇ ಊಹಿಸಿಕೊಳ್ಳುತ್ತದೆ.

ಕಲ್ಯಾಣದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಸಾಲವನ್ನು ಪಡೆದ ಕ್ರಮದಲ್ಲಿಯೇ ತೀರಿಸಬೇಕೆಂದಿದೆ. ಬ್ರಾಹ್ಮಣನಿಗೂ ಅನಂತರ ರಾಜನಿಗೂ ಮಾತ್ರ ಮುನ್ನೆಲೆ. ಇಂದಿನ ಸಂಹಿತೆಯು ಬ್ರಾಹ್ಮಣನನ್ನು ಕೈಬಿಟ್ಟು, ರಾಜನನ್ನು ನಾಲ್ಕನೆಯ ಪಂಕ್ತಿಗೆ ಇಳಿಸಿದೆ!

ಇನ್ನು ಕಂದಾಯ. ಅಮೆರಿಕದ ನ್ಯೂಜೆರ್ಸಿಯಲ್ಲಿ ಬಾಕಿಯ ಹಕ್ಕನ್ನು ಊರಾಡಳಿತವು ಖಾಸಗಿಯವರಿಗೆ ಮಾರುವುದುಂಟು. 2024ಕ್ಕೆ ಮೊದಲು, ಬಾಕಿ ತೀರದಿದ್ದಲ್ಲಿ ಕೊಂಡವನು ಕೋರ್ಟಿನ ಡಿಕ್ರಿಯಿಂದ ಇಡೀ ಮನೆಯನ್ನೇ ಪಡೆಯುತ್ತಿದ್ದನು. ಹೀಗೆ ಮನೆ ಕಳೆದುಕೊಂಡು 90 ದಿನಗಳೊಳಗೆ ದಿವಾಳಿಯಾದವರ ಮೊಕದ್ದಮೆಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು 2019ರಲ್ಲಿ ಆ ಹಸ್ತಾಂತರವನ್ನು ಪಕ್ಷಪಾತವೆಂದೇ ಎಣಿಸಿತು. ಅಲ್ಪ ಬಾಕಿಗೆ ಬಹುಮೌಲ್ಯದ ಮನೆ ಒಬ್ಬನಿಗೇ ಹೋದರೆ ಉಳಿದವರ ಗತಿಯೇನು? ನಮ್ಮ ನಗರದಲ್ಲಿ ಬಾಕಿಯನ್ನು ಹೀಗೆ ಮಾರುವ ಪದ್ಧತಿಯಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದರ ಸ್ಥಾನದಲ್ಲಿ ಐದಾದ ಪಾಲಿಕೆಗಳೇ ವಸೂಲಿಗೆ ಬರುವುವು.

ಕಂದಾಯವು ಮನೆಗೇ ಅಂಟಿದ ಹೊಣೆ. ಮನೆಯ ಬೆಲೆ ಬಾಕಿಗಿಂತ ಬಹಳ ಹೆಚ್ಚಿರುವಾಗ ಅದನ್ನು ಸಕಾಲದಲ್ಲಿ ತೀರಿಸುವುದು ಪಕ್ಷಪಾತವೆನಿಸುವುದು ದುರ್ಲಭವೆಂದು ನಮ್ಮ ಮತ. ತೆರಿಗೆಯ ಬಾಕಿಗೆ ಎಂತಹ ಸ್ಥಾನವೆಂಬುದರಲ್ಲಿ ವಿವಾದವಂತೂ ಇದೆ: ಗುಜರಾತಿನ ಮಾರಾಟ ತೆರಿಗೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ರಾಜ್ಯವನ್ನು ಭದ್ರತೆಯುಳ್ಳ ಸಾಲಿಗನೆಂದಿತು, ಮರುವರ್ಷವೇ ಇನ್ನೊಂದು ಪೀಠವು ಆ ತೀರ್ಪನ್ನು ಅದರ ಸಂಗತಿಗಳಿಗೇ ಸೀಮಿತಗೊಳಿಸಿತು.

ಆದುದರಿಂದ ನಿವೇಶನವನ್ನು ಮಾರುವುದಾದರೆ ಪೇಟೆಯ ಬೆಲೆಗೇ, ಪತ್ರಸಹಿತವಾಗಿ ಮಾರಲಿ. ಅದಕ್ಕೂ ಮೊದಲು ವಕೀಲರನ್ನು ಕಾಣಲಿ. ಕಂದಾಯವನ್ನು ಬ್ಯಾಂಕಿನ ಮೂಲಕ ಕಟ್ಟಿ ರಶೀದಿಯನ್ನು ಜೋಪಾನವಾಗಿಡಲಿ. ಭಾವಮೈದುನನಿಗೆ ಮಾತ್ರ, ಬೇಸರವಾದರೂ, ಎಲ್ಲರೊಂದಿಗೆ ತಾನೂ ತನ್ನ ಸಾಲದ ದಾವೆಯನ್ನು ಸಲ್ಲಿಸುವಂತೆ ಈಗಲೇ ಹೇಳಿಬಿಡಲಿ.