ಮತ್ಸ್ಯರೋಗ ಸಂಶೋಧನೆಯೂ ನಮ್ಮ ತರುಣರೂ

ಅಂಧೇರಿಯ ಪಶ್ಚಿಮಕ್ಕೆ, ವರ್ಸೋವಾದ ಯಾರಿ ರೋಡಿನ ಬಳಿಯಲ್ಲಿ, ಕೇಂದ್ರೀಯ ಮತ್ಸ್ಯ ಶಿಕ್ಷಣ ಸಂಸ್ಥೆಯೆಂಬ ಒಂದು ವಿದ್ಯಾಲಯವಿರುವುದು. 1961ರಲ್ಲಿ ಸ್ಥಾಪಿತವಾಗಿ 1989ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನವನ್ನು ಪಡೆದ ಸಂಸ್ಥೆಯಿದು. ಅಂಧೇರಿಯ ಆ ಭಾಗದಲ್ಲಿ ನಮ್ಮವರ ಹೋಟೆಲುಗಳಿಗೇನೂ ಕೊರತೆಯಿಲ್ಲ. ಅಲ್ಲಿಯ ವಿದ್ಯಾರ್ಥಿಗಳ ಮುಂದೆ ಇಡ್ಲಿ ಕಾಫಿ ತಂದಿಡುವವರು ನಮ್ಮವರೇ. ಆದರೆ ಆ ಆವರಣದೊಳಗೆ ಕಲಿಸುವುದೇನೆಂದು ವಿಚಾರಿಸಿದರೆ, ‘ಅದೊಂದು ಮೀನಿನ ಆಫೀಸು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ನಮ್ಮಲ್ಲಿ ದೊರೆಯುವುದು ವಿರಳ.

ಈ ಮಾತನ್ನೆತ್ತುವುದಕ್ಕೆ ಕಾರಣವಾದುದು ನಮ್ಮ ಕಚೇರಿಗೆ ಬಂದ ಒಂದು ಪತ್ರ. ಬರೆದವರು ಫೋರ್ಟಿನ ಒಂದು ಹೋಟೆಲಿನಲ್ಲಿ ಬಹುಕಾಲದಿಂದ ಅಡಿಗೆಯ ಕೆಲಸದಲ್ಲಿರುವ ಮಹನೀಯರು. ಅವರ ಮಗಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸಿ.ಎಸ್.ಐ.ಆರ್. ನಡೆಸುವ ನೆಟ್ ಪರೀಕ್ಷೆಯಲ್ಲಿ ಎರಡನೆಯ ವರ್ಗದಲ್ಲಿ ಉತ್ತೀರ್ಣಳಾಗಿರುವಳು. ಮೀನಿನ ಪರೋಪಜೀವಿಗಳ ವಿಷಯದಲ್ಲಿ ಡಾಕ್ಟರೇಟು ಮಾಡಬೇಕೆಂಬುದು ಅವಳ ಹಟ. ತಂದೆ ಕೇಳುತ್ತಾರೆ: ‘ಮೀನಿನ ಹೊಟ್ಟೆಯ ಹುಳ ಎಣಿಸುವುದಕ್ಕೆ ಐದಾರು ವರ್ಷ ಬೇಕೇ ಧಣಿಗಳೇ? ಎಣಿಸಿ ಮುಗಿಸಿದ ಮೇಲಾದರೂ ಅನ್ನ ಹುಟ್ಟೀತೇ?’

ನಾವು ಹೋಟೆಲಿನ ಗಲ್ಲೆಯನ್ನು ಬಿಟ್ಟು ಪತ್ರಿಕೆಯ ಮೇಜಿಗೆ ಬಂದವರು. ಧಣಿಗಳೆಂಬ ಸಂಬೋಧನೆ ಮಾತ್ರ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಅದಿರಲಿ. ಪ್ರಶ್ನೆ ಎರಡು ಭಾಗದ್ದು. ಆ ಹುಳಕ್ಕೆ ಬೆಲೆಯುಂಟೇ ಎಂಬುದು ಮೊದಲನೆಯದು. ಆ ಬೆಲೆಯಲ್ಲಿ ಹುಳ ಎಣಿಸಿದವಳ ಪಾಲೆಷ್ಟು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಅಷ್ಟು ಸುಲಭವಲ್ಲ.

2023–24ರಲ್ಲಿ ಭಾರತದ ಮತ್ಸ್ಯೋತ್ಪಾದನೆ 184 ಲಕ್ಷ ಟನ್ನುಗಳನ್ನು ಮುಟ್ಟಿತು. ಅದೇ ವರ್ಷ ನಮ್ಮ ದೇಶದಿಂದ ಹೊರಕ್ಕೆ ಹೋದ ಜಲಚರ ಪದಾರ್ಥಗಳ ಬೆಲೆ 60,500 ಕೋಟಿ ರೂಪಾಯಿಗಳಷ್ಟು. ಅದರಲ್ಲಿ ಸುಮಾರು 40,000 ಕೋಟಿ ಸಿಗಡಿಯೊಂದರಿಂದಲೇ ಬಂದುದು. ಇಷ್ಟು ದೊಡ್ಡ ವ್ಯಾಪಾರದ ಬುಡದಲ್ಲಿರುವುದು ಕೊಳದ ನೀರು. ಆ ನೀರಿಗೆ ಕಣ್ಣಿಗೆ ಕಾಣದ ಒಂದು ಜಂತು ಹೊಕ್ಕರೆ ಏನಾಗುವುದೆಂಬುದನ್ನು ನಮ್ಮ ದೇಶ ಒಮ್ಮೆ ಅನುಭವಿಸಿಯೂ ಇದೆ. 1994–95ರಲ್ಲಿ ಪೂರ್ವ ಕರಾವಳಿಯಲ್ಲಿ ಕಾಣಿಸಿಕೊಂಡ ಬಿಳಿಚುಕ್ಕೆ ರೋಗವು ಮೂರರಿಂದ ಹತ್ತು ದಿನಗಳೊಳಗೆ ಕೊಳದ ಸಿಗಡಿಯನ್ನು ಬಹುಮಟ್ಟಿಗೆ ನಿರ್ನಾಮ ಮಾಡಬಲ್ಲ ವೈರಸ್ಸಿನಿಂದ ಬರುವಂಥದು. ಆಂಧ್ರ, ತಮಿಳುನಾಡುಗಳಲ್ಲಿ ಸಾಲ ಮಾಡಿ ಕೊಳ ತೋಡಿಸಿದವರು ಬರಿಗೈಯಲ್ಲಿ ಕುಳಿತರು. ಪಶ್ಚಿಮ ಕರಾವಳಿಯೂ ಪಾರಾಗಲಿಲ್ಲ. ಕುಮಟೆ, ಅಂಕೋಲೆಯ ಕಡೆಯ ವಾಚಕರಿಗೆ ತಮ್ಮ ಊರಿನ ಗಜನಿ ಭೂಮಿಯ ಕಥೆಯನ್ನು ನಾವು ಹೇಳಬೇಕಾಗಿಲ್ಲ. ಕಗ್ಗ ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಸಿಗಡಿಯ ಆಸೆಗೆ ಉಪ್ಪುನೀರು ನಿಲ್ಲಿಸಿ, ರೋಗ ಬಂದ ಮೇಲೆ ಅತ್ತ ಸಿಗಡಿಯೂ ಇಲ್ಲದೆ ಇತ್ತ ಭತ್ತವೂ ಇಲ್ಲದೆ ಕೈಚೆಲ್ಲಿದ ಕುಟುಂಬಗಳ ಹುಡುಗರು ಮುಂಬಯಿಯ ಬಸ್ಸು ಹತ್ತಿದುದುಂಟು.

2009ರಲ್ಲಿ ವನ್ನಾಮೈ ಎಂಬ ಪರದೇಶದ ಸಿಗಡಿಯ ಸಾಕಣೆಗೆ ಸರಕಾರ ಅನುಮತಿ ಕೊಟ್ಟಮೇಲೆ ಉದ್ಯಮ ಮತ್ತೆ ತಲೆಯೆತ್ತಿತು. ಆದರೆ ಅದರ ಹಿಂದೆಯೇ ಇನ್ನೊಂದು ಉಪದ್ರವವೂ ಬಂದಿತು. ಎಂಟರೊಸೈಟೊಜೂನ್ ಹೆಪಟೊಪಿನಿಯೈ ಎಂಬ ಉದ್ದನೆಯ ಹೆಸರಿನ, ಬಲ್ಲವರು ಇ.ಎಚ್.ಪಿ. ಎಂದು ಚುಟುಕಾಗಿ ಕರೆಯುವ ಪರೋಪಜೀವಿಯಿದು. ಬಿಳಿಚುಕ್ಕೆಯಂತೆ ಇದು ಒಂದೇ ಸಲಕ್ಕೆ ಕೊಲ್ಲುವುದಿಲ್ಲ. ಸಿಗಡಿಯ ಜೀರ್ಣಾಂಗದಲ್ಲಿ ನೆಲೆಸಿ ತಿಂದ ಆಹಾರ ಮೈಗೆ ಹತ್ತದಂತೆ ಮಾಡುತ್ತದೆ. ರೈತನು ದಿನವೂ ಮೇವು ಹಾಕುತ್ತಲೇ ಇರುತ್ತಾನೆ, ಸಿಗಡಿ ಬೆಳೆಯುವುದೇ ಇಲ್ಲ. ಸತ್ತ ಸಿಗಡಿಯಾದರೆ ನಷ್ಟ ಒಂದೇ ದಿನದ್ದು. ಬೆಳೆಯದ ಸಿಗಡಿಯ ನಷ್ಟ ಮೂರು ತಿಂಗಳ ಮೇವಿನದು. ಇದಕ್ಕೆ ನಂಬಬಹುದಾದ ಔಷಧವಿಲ್ಲ. ಇದರ ಬೀಜಕಣಗಳು ಕೊಳದ ಕೆಸರಿನಲ್ಲಿ ಉಳಿದುಕೊಂಡು ಮುಂದಿನ ಬೆಳೆಗೂ ಅಂಟಿಕೊಳ್ಳುತ್ತವೆ. ಆದ್ದರಿಂದಲೇ ವೈದ್ಯಕ್ಕಿಂತ ಮಿಗಿಲಾಗಿ ಪರಿಸರದ ಜ್ಞಾನ ಬೇಕಾಗಿದೆ: ಕೆಸರಿನಲ್ಲಿ ಅದು ಎಷ್ಟು ಕಾಲ ಬದುಕುವುದು, ಯಾವ ಹುಳು, ಯಾವ ಮೇವು ಅದನ್ನು ಸಾಗಿಸುವುದು, ಕೊಳವನ್ನು ಒಣಗಿಸಿ ಸುಣ್ಣ ಹಾಕಿದರೆ ಎಷ್ಟರಮಟ್ಟಿಗೆ ನಾಶವಾಗುವುದು ಎಂಬುದೆಲ್ಲ. ಇದನ್ನು ಕಂಡುಹಿಡಿಯುವವರೇ ನಾವಿಲ್ಲಿ ಹೇಳುತ್ತಿರುವ ಸಂಶೋಧಕರು.

ಈ ವಿದ್ಯೆಯ ರುಚಿ ನಮಗೆ ಹತ್ತಿದುದು ಒಂದು ಬಂಗುಡೆಯಿಂದ. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಮೀನು ಕೊಯ್ಯುತ್ತಿದ್ದ ಹುಡುಗನು ಕಿರುಚಿ ಚೂರಿ ಬಿಸುಟನು. ಬಂಗುಡೆಯ ಕಿವಿರಿನ ಒಳಗೆ ಹುಣಸೆ ಬೀಜದಷ್ಟು ದೊಡ್ಡದಾದ, ಹಲವು ಕಾಲಿನ, ಬಿಳಿಯ ಜಂತು. ಪಕ್ಕದಲ್ಲಿ ಅದರದೇ ಚಿಕ್ಕ ಪ್ರತಿಯಂಥ ಇನ್ನೊಂದು. ಆ ದಿನದ ಬುಟ್ಟಿಯನ್ನೆಲ್ಲ ಚೆಲ್ಲಿಸಿದೆವು. ಅನಂತರ, ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ ಒಬ್ಬ ಸಂಶೋಧನ ವಿದ್ಯಾರ್ಥಿ ನಕ್ಕು ತಿಳಿಸಿದನು. ಅದು ನೊರಿಲೆಕಾ ಇಂಡಿಕಾ ಎಂಬ ಜಾತಿಯದು. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಆ ವರ್ಗದ ಜಂತುಗಳು ಮೊದಲು ಗಂಡಾಗಿದ್ದು ಬೆಳೆದಮೇಲೆ ಹೆಣ್ಣಾಗುತ್ತವೆ. ಮೀನಿನ ರಕ್ತ ಹೀರುವುದೇ ಹೊರತು ಮನುಷ್ಯನಿಗೆ ಅದರಿಂದ ಏನೂ ಬಾಧೆಯಿಲ್ಲ! ಚೆಲ್ಲಿದ ಬಂಗುಡೆಗೆ ತೆತ್ತ ಹಣ ನೆನಪಾದಾಗ ಎಸ್.ಎಸ್.ಎಲ್.ಸಿ.ಯಲ್ಲಿಯೇ ನಿಂತುಹೋದ ನಮ್ಮ ವಿದ್ಯೆಯ ಮೇಲೆ ನಮಗೇ ಕೋಪ ಬಂದಿತು. (ಅಡಿಗೆಯವರ ಸಮಾಧಾನಕ್ಕಾಗಿ ಒಂದು ಮಾತು: ಚೆನ್ನಾಗಿ ಬೇಯಿಸಿದ ಮೀನಿನಲ್ಲಿ ಇಂಥ ಹುಳಗಳಾವುವೂ ಜೀವಂತ ಉಳಿಯವು. ಹಸಿ ಮೀನನ್ನೋ ಅರೆಬೆಂದ ಮೀನನ್ನೋ ಬಡಿಸುವ ಹೊಸ ಮಾದರಿಯ ಉಪಾಹಾರಗೃಹಗಳು ಮಾತ್ರ ಎಚ್ಚರದಿಂದಿರಬೇಕು.)

ಪರೋಪಜೀವಿಯ ಬದುಕನ್ನು ತಿಳಿದರೆ ಔಷಧವಿಲ್ಲದೆಯೂ ಅದನ್ನು ಹಿಡಿಯಬಹುದೆಂಬುದಕ್ಕೆ ಮೀನಿನ ಹೇನು ಒಳ್ಳೆಯ ನಿದರ್ಶನ. ಆರ್ಗ್ಯುಲಸ್ ಎಂಬ ಈ ಹೇನು ರೋಹು ಮೀನಿಗೆ ಅಂಟಿಕೊಂಡು ಮೈಯೆಲ್ಲ ಗಾಯ ಮಾಡುತ್ತದೆ. ಹೈದರಾಬಾದಿನ ವಾಚಕರು ತಿನ್ನುವ ರೋಹು ಬರುವ ಕೊಲ್ಲೇರಿನ ಸುತ್ತಣ ಕೊಳಗಳಲ್ಲಿ ಇದರ ಕಾಟ ಹೇಳತೀರದು. ರೈತರು ಕೀಟನಾಶಕ ಸುರಿಯುತ್ತಾರೆ. ಹೇನು ಸಾಯುತ್ತದೆ, ಮತ್ತೆ ಬರುತ್ತದೆ. ಬರುವುದೇಕೆಂದರೆ, ಹೆಣ್ಣು ಹೇನು ಮೀನನ್ನು ಬಿಟ್ಟು ಈಜಿಹೋಗಿ ಕಲ್ಲು, ಮರದಂಥ ಗಟ್ಟಿ ಪದಾರ್ಥದ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಗೆ ಆ ಔಷಧ ಸುಲಭವಾಗಿ ತಾಗುವುದಿಲ್ಲ. ಇದನ್ನರಿತವರು ಮಾಡುವುದೇನು? ಕೊಳದಲ್ಲಿ ಹಲಗೆಗಳನ್ನೋ ಬಿದಿರಿನ ಚಾಪೆಗಳನ್ನೋ ಇಳಿಬಿಟ್ಟು, ಹೇನು ಅದರ ಮೇಲೆ ಮೊಟ್ಟೆಯಿಟ್ಟ ಮೇಲೆ ಅವನ್ನು ಮೇಲೆತ್ತಿ ಬಿಸಿಲಿಗೆ ಒಣಗಿಸುತ್ತಾರೆ. ಹಲಗೆಯ ಬೆಲೆ ಅತ್ಯಲ್ಪ. ಅದನ್ನು ಯಾವಾಗ ಎತ್ತಬೇಕೆಂಬ ತಿಳಿವಳಿಕೆಗೇ ಬೆಲೆ.

ಇನ್ನು ಹುಳ ಎಣಿಸುವ ವಿಚಾರ. ನೂರು ಮೀನುಗಳನ್ನು ಕೊಯ್ದು ನೋಡಿದರೆ ಹುಳಗಳು ಎಲ್ಲದರಲ್ಲಿಯೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಬಹುಪಾಲು ಮೀನುಗಳಲ್ಲಿ ಇಲ್ಲವೇ ಇಲ್ಲ, ಅಥವಾ ಒಂದೆರಡು. ಕೆಲವೇ ಮೀನುಗಳಲ್ಲಿ ರಾಶಿರಾಶಿ. ಹೋಟೆಲಿನ ಉದ್ರಿ ಖಾತೆಯೂ ಹೀಗೆಯೇ. ನಾಲ್ಕು ಮಂದಿಯ ಹೆಸರಿನಲ್ಲಿಯೇ ಮುಕ್ಕಾಲು ಬಾಕಿ ಇರುವುದು. ಆದ್ದರಿಂದ ಹತ್ತು ಮೀನು ನೋಡಿ ತೀರ್ಪು ಕೊಟ್ಟರೆ ಆ ತೀರ್ಪು ತಪ್ಪುವುದು. ಮಳೆಗಾಲ ಬೇಸಗೆಗಳೆರಡರಲ್ಲಿಯೂ, ವರ್ಷದ ಮೇಲೆ ವರ್ಷ ಎಣಿಸಬೇಕಾಗುವುದು. ಕೆಲವು ಹುಳಗಳು ಬಾಲ್ಯವನ್ನು ಶಂಖದ ಹುಳುವಿನಲ್ಲಿಯೂ ಯೌವನವನ್ನು ಮೀನಿನಲ್ಲಿಯೂ ಕಳೆದು, ಆ ಮೀನನ್ನು ತಿಂದ ಕೊಕ್ಕರೆಯ ಹೊಟ್ಟೆಯಲ್ಲಿ ಪ್ರಾಯಕ್ಕೆ ಬರುತ್ತವೆ. ಆ ಮೂರರಲ್ಲಿ ಒಂದು ಕೆರೆಯನ್ನು ಬಿಟ್ಟುಹೋದರೂ ಹುಳದ ವಂಶ ನಿಲ್ಲುವುದು. ಹೀಗಾಗಿ ಮೀನಿನ ಹುಳ ನೋಡಿ ಕೆರೆಯ ಆರೋಗ್ಯವನ್ನು ಹೇಳುವವರೂ ಇದ್ದಾರೆ. ಐದಾರು ವರ್ಷವೇಕೆಂಬ ನಮ್ಮ ಪತ್ರಲೇಖಕರ ಪ್ರಶ್ನೆಗೆ ಇಷ್ಟು ಸಾಕೆಂದು ಭಾವಿಸುವೆವು.

ಈಗ ಅನ್ನದ ಪ್ರಶ್ನೆ.

ನೇರವಾದ ದಾರಿ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿ, ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿಗೆ ಸೇರುವುದು. ದೇಶದ ಮೊದಲನೆಯ ಮತ್ಸ್ಯ ಮಹಾವಿದ್ಯಾಲಯ ಸ್ಥಾಪಿತವಾದುದು 1969ರಲ್ಲಿ, ನಮ್ಮ ಮಂಗಳೂರಿನಲ್ಲಿಯೇ. ಈಗ ಅದು ಬೀದರದ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ವರ್ಸೋವಾದ ಸಂಸ್ಥೆಯಲ್ಲಿ ಬಿ.ಎಫ್.ಎಸ್ಸಿ. ಇಲ್ಲವೆಂಬುದನ್ನು ಅನೇಕರು ತಿಳಿಯದೆ, ಪಿ.ಯು.ಸಿ. ಮುಗಿಸಿದ ಮಕ್ಕಳನ್ನು ಬಾಗಿಲವರೆಗೆ ಕರೆದೊಯ್ದು ಹಿಂದಿರುಗುತ್ತಾರೆ. ಅಲ್ಲಿರುವುದು ಎಂ.ಎಫ್.ಎಸ್ಸಿ., ಡಾಕ್ಟರೇಟುಗಳು; ಜಲಚರಗಳ ಆರೋಗ್ಯ ನಿರ್ವಹಣೆಯೂ ಅದರಲ್ಲೊಂದು ವಿಭಾಗ. ಪ್ರವೇಶ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲಭಾರತ ಪರೀಕ್ಷೆಯ ಮೂಲಕ. ಸಿಗಡಿಯ ರೋಗಗಳ ಮೇಲೆ ಕೆಲಸ ನಡೆಯುವ ಉಪ್ಪುನೀರು ಜಲಕೃಷಿ ಸಂಸ್ಥೆ ಮದರಾಸಿನ ವಾಚಕರ ಮನೆಯ ಬಾಗಿಲಲ್ಲಿಯೇ ಇದೆ. ಸಿಹಿನೀರು ಮೀನಿನ ಸಂಸ್ಥೆ ಭುವನೇಶ್ವರದಲ್ಲಿ, ಸಮುದ್ರದ್ದು ಕೊಚ್ಚಿಯಲ್ಲಿ. 2013ರಲ್ಲಿ ಜಲಚರ ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾದುದರ ಸೂತ್ರ ಲಖನೌದ ಸಂಸ್ಥೆಯ ಕೈಯಲ್ಲಿದೆ.

ವೇತನದ ವಿಷಯದಲ್ಲಿ ಮೊದಲಿನ ಕಾಲವಿಲ್ಲ. 2023ರ ಜನವರಿಯಿಂದ ಕಿರಿಯ ಸಂಶೋಧಕರಿಗೆ ತಿಂಗಳಿಗೆ 37,000 ರೂಪಾಯಿ, ಹಿರಿಯರಿಗೆ 42,000. ಹಾಸ್ಟೆಲು ದೊರೆಯದಿದ್ದರೆ ಮನೆ ಬಾಡಿಗೆಯ ಭತ್ತೆ ಬೇರೆ. ನಮ್ಮ ಅನೇಕ ಕಾರಕೂನರ ಮನೆಗೆ ಬರುವ ಸಂಬಳಕ್ಕಿಂತ ಇದು ಕಡಿಮೆಯಲ್ಲ. ಆದರೆ ಇದು ದೊರೆಯುವುದು ಎಲ್ಲರಿಗೂ ಅಲ್ಲ. ಅನುದಾನ ಬರುವುದು ತಡವಾಗಿ, ನಾಲ್ಕಾರು ತಿಂಗಳು ಕೈಯಲ್ಲಿ ಕಾಸಿಲ್ಲದೆ ಕಳೆದವರನ್ನೂ ನಾವು ಬಲ್ಲೆವು. ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ ಆ ಬಂಗುಡೆಯ ವಿದ್ಯಾರ್ಥಿಯ ಹೆಸರೂ ನಮ್ಮ ಉದ್ರಿ ಖಾತೆಯಲ್ಲಿತ್ತು. (ಕೊನೆಗೆ ಪೈಸೆ ಬಾಕಿಯಿಲ್ಲದೆ ತೀರಿಸಿದನು.)

2024ರ ಜೂನಿನಿಂದ ನೆಟ್ ಪರೀಕ್ಷೆಯಲ್ಲಿ ಮೂರು ವರ್ಗಗಳಾಗಿವೆ. ಮೊದಲನೆಯ ವರ್ಗಕ್ಕೆ ವೇತನವೂ ಅಧ್ಯಾಪಕ ಅರ್ಹತೆಯೂ ಡಾಕ್ಟರೇಟಿನ ಪ್ರವೇಶಾರ್ಹತೆಯೂ ಉಂಟು. ಎರಡನೆಯದಕ್ಕೆ ವೇತನವಿಲ್ಲ, ಉಳಿದೆರಡುಂಟು. ಮೂರನೆಯದಕ್ಕೆ ಡಾಕ್ಟರೇಟಿನ ಪ್ರವೇಶಾರ್ಹತೆ ಮಾತ್ರ. ನಮ್ಮ ಅಡಿಗೆಯವರ ಮಗಳಿರುವುದು ಎರಡನೆಯದರಲ್ಲಿ. ಅಂದರೆ ಬಾಗಿಲು ತೆರೆದಿದೆ, ಎಲೆ ಹಾಕಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದರೆ ನೆಟ್ ವೇತನವಿಲ್ಲದವರಿಗೂ 8,000 ರೂಪಾಯಿ ಕೊಡುವ ಪದ್ಧತಿಯಿದೆ. ಮುಂಬಯಿಯಲ್ಲಿ 8,000ಕ್ಕೆ ಏನು ಬರುವುದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಮುಂಬಯಿ ವಿಶ್ವವಿದ್ಯಾಲಯ ರಾಜ್ಯ ಸರಕಾರದ್ದಾದುದರಿಂದ ಅದೂ ಅಲ್ಲಿ ದೊರೆಯದು.

ಡಾಕ್ಟರೇಟಾದವರಿಗೆಲ್ಲ ಕೆಲಸ ಕಾದಿದೆಯೆಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಮೀನುಗಾರಿಕೆ ಇಲಾಖೆಯ ಅಧಿಕಾರಿಯಾಗಲು ಬಿ.ಎಫ್.ಎಸ್ಸಿ. ಪದವಿಯೇ ಸಾಕು, ಸಿಗಡಿ ಮರಿ ಕೇಂದ್ರಗಳೂ ಮೇವಿನ ಕಂಪೆನಿಗಳೂ ಹುಡುಕುವುದು ಕೊಳದ ಕೆಸರಿನಲ್ಲಿ ಇಳಿಯುವವರನ್ನು. ಡಾಕ್ಟರೇಟಿನ ನಿಜವಾದ ಉಪಯೋಗವಿರುವುದು ವಿಜ್ಞಾನಿಯ ಹುದ್ದೆ, ಅಧ್ಯಾಪಕತ್ವ, ರೋಗನಿದಾನದ ಪ್ರಯೋಗಶಾಲೆ ಹಾಗೂ ಪರದೇಶಗಳಲ್ಲಿ. ಪರದೇಶವೆಂದರೆ ನಾರ್ವೆಯನ್ನು ಹೆಸರಿಸಲೇಬೇಕು. ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿ ಸಾಲ್ಮನ್ ಸಾಕುವ ಆ ದೇಶಕ್ಕೂ ಹೇನಿನದೇ ಚಿಂತೆ. ಸಾಮಾನ್ಯ ದಿನಗಳಲ್ಲಿ ಮೀನೊಂದಕ್ಕೆ ಸರಾಸರಿ ಅರ್ಧ ಹೆಣ್ಣು ಹೇನಿಗಿಂತ ಹೆಚ್ಚಿರಕೂಡದೆಂದು ಅಲ್ಲಿ ಕಾನೂನೇ ಇದೆ. ಅಲ್ಲಿ ಸಂಶೋಧಕನು ವಿದ್ಯಾರ್ಥಿಯಲ್ಲ, ಸಂಬಳದ ನೌಕರ. ಅರ್ಜಿಯನ್ನು ನೇರವಾಗಿ ವಿಶ್ವವಿದ್ಯಾಲಯಕ್ಕೇ ಹಾಕಬಹುದು. ಹಣ ತೆಗೆದುಕೊಂಡು ಅಂಥ ಸ್ಥಾನ ಕೊಡಿಸುವೆನೆನ್ನುವ ದಲ್ಲಾಳಿಯನ್ನು ಹೊಸ್ತಿಲ ಒಳಗೆ ಬಿಡಬೇಡಿರಿ.

ಹಾಗಾದರೆ ಮಗಳೇನು ಮಾಡಬೇಕು? ವೇತನ ಸಹಿತವಾದ ಇನ್ನೊಂದು ದಾರಿಯಿದೆ. ಇದನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಸಂಸ್ಥೆಗಳು ಸರಕಾರದ ಹಣದಿಂದ ನಡೆಸುವ ಸಂಶೋಧನ ಯೋಜನೆಗಳಲ್ಲಿ ಕಿರಿಯ ಸಂಶೋಧಕರನ್ನು ನೇಮಿಸಿಕೊಳ್ಳುತ್ತಾರೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಯಮದಂತೆ ಅಧ್ಯಾಪಕ ಅರ್ಹತೆಯ ನೆಟ್ ಪಡೆದವರೂ ಅದಕ್ಕೆ ಅರ್ಹರು. ಅಂದರೆ ಎರಡನೆಯ ವರ್ಗದವರಿಗೂ ಅದೇ 37,000 ರೂಪಾಯಿ ದೊರೆಯಬಹುದು. ಯೋಜನೆ ಮುಗಿದರೆ ವೇತನವೂ ಮುಗಿಯುವುದು ಎಂಬ ಭಯವುಂಟು. ಆದ್ದರಿಂದ ಸೇರುವ ಮೊದಲೇ ಎರಡು ಪ್ರಶ್ನೆ ಕೇಳಬೇಕು: ಯೋಜನೆಗೆ ಇನ್ನೆಷ್ಟು ವರ್ಷ ಉಳಿದಿದೆ? ಈ ಕೆಲಸವನ್ನೇ ಡಾಕ್ಟರೇಟಿಗೆ ನೋಂದಾಯಿಸಿಕೊಳ್ಳಲು ಮಾರ್ಗದರ್ಶಕರ ಒಪ್ಪಿಗೆಯಿದೆಯೇ? 2022ರ ನಿಯಮದಂತೆ ಡಾಕ್ಟರೇಟಿಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು. ಹೆಂಗಸರಿಗೆ ಇನ್ನೆರಡು ವರ್ಷದ ರಿಯಾಯಿತಿಯೂ 240 ದಿನಗಳವರೆಗೆ ಹೆರಿಗೆಯ ರಜೆಯೂ ಉಂಟು. ಈ ಸಂಗತಿಯನ್ನು ತಂದೆಗಿಂತ ಮುಂದೆ ಬರುವ ಅಳಿಯನಿಗೆ ತಿಳಿಸುವುದು ಹೆಚ್ಚು ಅವಶ್ಯಕವಾದೀತು.

ಪತ್ರಲೇಖಕರಿಗೆ ನಾವು ಪ್ರತ್ಯೇಕವಾಗಿ ಉತ್ತರ ಬರೆದಿರುವೆವು. ಆಕೆಯ ನೆಟ್ ಅಂಕಗಳು ಡಾಕ್ಟರೇಟಿನ ಪ್ರವೇಶಕ್ಕೆ ಸಲ್ಲುವುದು ಒಂದೇ ವರ್ಷ. ಅದರಲ್ಲಿ ನಾಲ್ಕು ತಿಂಗಳು ತಂದೆಮಗಳ ಚರ್ಚೆಯಲ್ಲಿಯೇ ಕಳೆದುಹೋಗಿವೆ. ಬರುವ ವಾರದ ರಜೆಯ ದಿನ ಅವರು ಮಗಳೊಡನೆ ವರ್ಸೋವಾಕ್ಕೆ ಹೋಗುವವರಿದ್ದಾರೆ. ಒಳಗೆ ಹೋಗಿ ಯಾರನ್ನು ಕಾಣಬೇಕೆಂದು ಕೇಳಿದ್ದರು, ಆ ಬಂಗುಡೆಯ ವಿದ್ಯಾರ್ಥಿಗೆ ನಾವೊಂದು ಚೀಟಿ ಬರೆದುಕೊಟ್ಟಿದ್ದೇವೆ.